ಒಕ್ಕಲುತನದಲ್ಲಿ ಹೆಚ್ಚುವರಿ ದುಡಿಮೆ: ತಿಂಗಳುವಾರು ಲೆಕ್ಕದ ಅವಶ್ಯಕತೆ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ಭಾಗದಲ್ಲಿ ಭತ್ತದ ಸುಗ್ಗಿ ಮುಗಿದೊಡನೆ ಅನೇಕ ಕುಟುಂಬಗಳ ತರುಣರು ಕೆಲಸ ಹುಡುಕಿಕೊಂಡು ಪೇಟೆಗೋ ಗೋವೆಗೋ ಹೊರಡುವುದುಂಟು. ಜುಲೈ ಬಂದರೆ ಕಳೆ ತೆಗೆಯಲು ಆಳು ಸಿಗದೆಂಬ ಕೊರಗು ಅದೇ ಊರುಗಳಲ್ಲಿ ಕೇಳಿಬರುತ್ತದೆ. ಹಾಗಾದರೆ ಇಲ್ಲಿ ಆಳುಗಳು ಹೆಚ್ಚೋ, ಕಡಿಮೆಯೋ?

ಎರಡು ವಲಯಗಳು

ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಹಿಂದುಳಿದ ನಾಡಿನಲ್ಲಿ ಎರಡು ವಲಯಗಳಿರುತ್ತವೆ: ಒಂದು ಮನೆಮಂದಿಯೆಲ್ಲ ದುಡಿದು ಹಂಚಿ ಉಣ್ಣುವ ಬೇಸಾಯ, ಇನ್ನೊಂದು ಕೂಲಿ ಕೊಟ್ಟು ಲಾಭ ಗಳಿಸುವ ಕಾರ್ಖಾನೆ. ಬೇಸಾಯದಲ್ಲಿ ಹೆಚ್ಚಾಗಿರುವವರು ಕಾರ್ಖಾನೆಗೆ ಹೋದರೂ ಹುಟ್ಟುವಳಿ ಕುಗ್ಗುವುದಿಲ್ಲ. ಕಾರ್ಖಾನೆಯು ಲಾಭವನ್ನು ಮರಳಿ ತೊಡಗಿಸಿದರೆ ಇನ್ನಷ್ಟು ಜನರಿಗೆ ಕೆಲಸ ದೊರೆತು ನಾಡು ಮುಂದುವರಿಯುತ್ತದೆ.

ಒಂದು ಉದಾಹರಣೆ ನೋಡೋಣ. ಎರಡು ಎಕರೆಯಲ್ಲಿ ಐವರು ದುಡಿದು 30 ಕ್ವಿಂಟಲ್ ಭತ್ತ ಬೆಳೆದರೆ ತಲೆಗೆ 6 ಕ್ವಿಂಟಲ್. ಒಬ್ಬನು ಹೊರಗೆ ಹೋದರೂ ಉಳಿದ ನಾಲ್ವರು ಅಷ್ಟೇ ಬೆಳೆದರೆ ತಲೆಗೆ ಏಳೂವರೆ ಕ್ವಿಂಟಲ್. ಹೋದವನ ಗಳಿಕೆ ಬೇರೆ. ಆದರೆ ಅವನಿಲ್ಲದೆ ಕಳೆ ಉಳಿದು ಇಳುವರಿ 22 ಕ್ವಿಂಟಲ್‌ಗೆ ಇಳಿದರೆ ತಲೆಗೆ ಐದೂವರೆ ಮಾತ್ರ. ಮನೆಯಲ್ಲಿ ಉಳಿದವರಿಗೆ ನಷ್ಟವೇ.

ಆಕ್ಷೇಪಣೆ

ಈ ಎರಡನೆಯ ಸಾಧ್ಯತೆಯನ್ನು ಎತ್ತಿ ಹೇಳಿದವರು ಥಿಯೊಡೋರ್ ಶುಲ್ಟ್ಸ್. 1918–19ರ ಇನ್‌ಫ್ಲುಯೆಂಜಾ ಜ್ವರದಿಂದ ಭಾರತದಲ್ಲಿ ಅಪಾರ ಜನ ಸತ್ತಾಗ ಬಿತ್ತನೆಯ ಕ್ಷೇತ್ರವೂ ಕುಗ್ಗಿತೆಂದು ಅವರು ತೋರಿಸಿದರು. ವಿಶೇಷವೆಂದರೆ, ಇವರಿಗೂ ಲೂಯಿಸ್ ಅವರಿಗೂ 1979ರಲ್ಲಿ ನೊಬೆಲ್ ಪಾರಿತೋಷಕವು ಜಂಟಿಯಾಗಿ ದೊರೆಯಿತು.

ನಮ್ಮ ಭಾಗದ ಮಟ್ಟಿಗೆ ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಕೂರಿಗೆ ಭತ್ತದಲ್ಲಿ ಪೈರು ಮತ್ತು ಕಳೆ ಒಟ್ಟಿಗೇ ಹುಟ್ಟುತ್ತವೆ; ಮೊದಲ ಆರು ವಾರ ಬಹಳ ನಾಜೂಕಿನ ಕಾಲ. ಆಗ ಒಂದು ಕೈಯೂ ಹೆಚ್ಚಲ್ಲ. ನೀರಾವರಿ ಇಲ್ಲದ ಹೊಲದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ದುಡಿಮೆ ಮಿಗುತ್ತದೆ.

ಕಾರ್ಖಾನೆ ಎಷ್ಟು ಜನರನ್ನು ಸೇರಿಸಿಕೊಂಡೀತು?

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಯಿತು. ಕಾಡಿನ ನಡುವೆ ಒಂದು ಕೈಗಾರಿಕಾ ಪಟ್ಟಣವೇ ಬೆಳೆಯಿತು. ಆದರೆ ಕಾಗದದಂತಹ ಉದ್ಯಮದಲ್ಲಿ ಬಂಡವಾಳ ಬಹುಪಾಲು ಯಂತ್ರಗಳಿಗೆ ಸಲ್ಲುತ್ತದೆ. ಉತ್ಪಾದನೆ ಇಮ್ಮಡಿಯಾದರೆ ನೌಕರಿಯೂ ಇಮ್ಮಡಿಯಾಗುವುದೆಂದು ನಂಬಿ ಕೂಡಲಾಗದು.

ರೈತರು ಮಾಡಬೇಕಾದುದು

1. ಮನೆಯಲ್ಲಿರುವ ಆಳುದಿನಗಳನ್ನೂ ಹೊಲಕ್ಕೆ ಬೇಕಾದ ಆಳುದಿನಗಳನ್ನೂ ತಿಂಗಳುವಾರು ಬರೆದು ತೂಗಿ ನೋಡಬೇಕು. ಹೊರಗಿನ ಕೆಲಸಕ್ಕೆ ಹೋಗುವುದನ್ನು ಆ ಬಳಿಕ ನಿರ್ಧರಿಸಬೇಕು.

2. ಸಾಲಾಗಿ ಬಿತ್ತಿ, ಸಕಾಲದಲ್ಲಿ ಎಡೆಕುಂಟೆ ಹೊಡೆದರೆ ಕೈಗಳೆಯ ಆಳು ಉಳಿಯುತ್ತದೆ. ಮುಯ್ಯಾಳಿನ ಪದ್ಧತಿಯೂ ಈ ಕಾಲಕ್ಕೆ ಸಹಾಯಕ.

3. ಭತ್ತದ ನಂತರ ತೇವವುಳಿಯುವ ಗದ್ದೆಯಲ್ಲಿ ಹೆಸರು ಇಲ್ಲವೆ ಅಲಸಂದಿ ಬಿತ್ತಬಹುದು. ಹೈನುಗಾರಿಕೆಯಿಂದ ವರ್ಷವಿಡೀ ಕೆಲಸ ದೊರೆಯುತ್ತದೆ. ಜೋಯಿಡಾದ ಕುಣಬಿ ರೈತರ ಗೆಡ್ಡೆ-ಗೆಣಸಿನ ಬೇಸಾಯವೂ ಅನುಸರಣೀಯ.

4. ಹಳಿಯಾಳ ಭಾಗದ ಕಬ್ಬಿನ ಕಟಾವು ಬಹುಮಟ್ಟಿಗೆ ಭತ್ತದ ಸುಗ್ಗಿಯ ಬಳಿಕ ಬರುವುದರಿಂದ, ಬಿಡುವಾದ ಕೈಗಳಿಗೆ ಊರ ಸಮೀಪವೇ ಕೂಲಿ ಸಿಗಬಲ್ಲದು.

ಗ್ರಾಮಸೇವಕರೂ ವಿಸ್ತರಣಾ ಕಾರ್ಯಕರ್ತರೂ ಒಂದು ಊರಿನಲ್ಲಿ ಜನ ಹೆಚ್ಚೆಂದು ಬರೆಯುವ ಮುನ್ನ ಯಾವ ತಿಂಗಳಲ್ಲಿ ಹೆಚ್ಚೆಂದು ಕೇಳಿಕೊಳ್ಳುವುದು ಒಳಿತು. ಏಪ್ರಿಲ್‌ನಲ್ಲಿ ಮಿಕ್ಕ ಕೈಯೇ ಜುಲೈನಲ್ಲಿ ಬೆಳೆಯನ್ನು ಉಳಿಸುತ್ತದೆ.