ತೊಟ್ಟಿ ಪಳಪಳ, ಮೀನು ವಿಲವಿಲ!

ರಜೆಗೆ ಮನೆಗೆ ಹೋದ ತಕ್ಷಣ ಅಕ್ವೇರಿಯಂ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲಾ ತಿಕ್ಕಿ ತೊಳೆದು ಹೊಸ ನೀರು ತುಂಬಿಸ್ತೀರಾ? ತೊಟ್ಟಿ ಹೊಳೆಯುತ್ತೆ ನಿಜ. ಆದ್ರೆ ಕೆಲವೇ ದಿನದಲ್ಲಿ ಮೀನು ಸತ್ತು ತೇಲಬಹುದು. ಯಾಕೆ?

ಕೊಲ್ಲೋದು ಕಣ್ಣಿಗೆ ಕಾಣದ ಅಮೋನಿಯಾ. ಮೀನು ಅದನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಹೊರಹಾಕುತ್ತೆ. ಕೊಳೆಯುವ ಹಿಕ್ಕೆ, ಉಳಿದ ಆಹಾರದಿಂದಲೂ ಅದು ಹುಟ್ಟುತ್ತೆ. ಫಿಲ್ಟರ್‌ನ ಸ್ಪಂಜು ಮತ್ತು ತಳದ ಕಲ್ಲುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲೆರಡೂ ವಿಷ; ನೈಟ್ರೇಟ್ ಅಷ್ಟು ಅಪಾಯವಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಸ್ಪಂಜು ತಿಕ್ಕಿದ್ರೆ ಅಷ್ಟೂ ದಿನದ ಕೆಲಸ ಚರಂಡಿ ಪಾಲು.

ಹಾಗಾದ್ರೆ ಕ್ಲೀನ್ ಮಾಡೋದು ಹೇಗೆ?

ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ನೀರು ತುಂಬಿದ ಪೈಪಿನ ಒಂದು ತುದಿ ತಳದ ಕಲ್ಲುಗಳ ನಡುವೆ, ಇನ್ನೊಂದು ಕೆಳಗಿಟ್ಟ ಬಕೆಟ್‌ನಲ್ಲಿ ಇಡಿ. ಸೈಫನ್ ಹಿಕ್ಕೆಯನ್ನೂ ಎಳ್ಕೊಂಡು ಬರುತ್ತೆ, ಪಂಪು ಬೇಡ. ಸ್ಪಂಜನ್ನು ಅದೇ ಬಕೆಟ್ ನೀರಲ್ಲಿ ಮೆಲ್ಲಗೆ ಹಿಂಡಿ. ಹೊಸ ನೀರಿಗೆ ಡಿಕ್ಲೋರಿನೇಟರ್ ಬೆರೆಸಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯಾ ನೋಡಿ ನಿಧಾನವಾಗಿ ಸುರಿಯಿರಿ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಕೊನೆಯದಾಗಿ, ಕರೆಂಟ್ ಉಳಿಸೋಕೆ ಅಂತ ರಾತ್ರಿ ಫಿಲ್ಟರ್ ಆಫ್ ಮಾಡಬೇಡಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಜೀವಂತ ರಿಯಾಕ್ಟರ್. ಒಳಗಿರುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.