‘ಜಾಕ್‌ಫ್ರೂಟ್’ ಸಮಾಸದ ಪೂರ್ವಪದ

ಹಲಸಿನ ಹಣ್ಣಿಗೆ ಇಂಗ್ಲಿಷಿನಲ್ಲಿರುವ ‘ಜಾಕ್‌ಫ್ರೂಟ್’ ಎಂಬ ಹೆಸರು ಎರಡು ಪದಗಳ ಸಮಾಸ. ಉತ್ತರಪದ ‘ಫ್ರೂಟ್’ ಲ್ಯಾಟಿನ್ ಮೂಲದ್ದು, ಫ್ರೆಂಚ್ ಮೂಲಕ ಬಂದುದು; ಅದರ ಬಗೆಗೆ ವಿವಾದವಿಲ್ಲ. ಗೊಂದಲವಿರುವುದು ಪೂರ್ವಪದದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ವಿಲಿಯಂ ಜಾಕ್‌ನ (1795–1822) ಹೆಸರನ್ನೇ ಹಣ್ಣಿಗೆ ಇಡಲಾಯಿತೆಂಬ ಅಭಿಪ್ರಾಯವೊಂದುಂಟು. ಕಾಲಗಣನೆಯ ಮುಂದೆ ಇದು ನಿಲ್ಲಲಾರದು. 1698ರಲ್ಲಿ ಅಚ್ಚಾದ ಜಾನ್ ಫ್ರಯರ್‌ನ ಪ್ರವಾಸಗ್ರಂಥದಲ್ಲಿ, ಮದರಾಸಿನ ಹೊರವಲಯದ ವರ್ಣನೆಯಲ್ಲಿ, ಮುಳ್ಳುಕವಚ ತೊಟ್ಟ ‘ಜಾಕ್ಸ್’ ಆಗಲೇ ಕಾಣಿಸಿಕೊಂಡಿದೆ. ವಿಲಿಯಂ ಜಾಕ್ ಹುಟ್ಟಿದ್ದು ಅದಾದ ಸುಮಾರು ನೂರು ವರ್ಷಗಳ ಮೇಲೆ.

ಪದದ ನಿಜವಾದ ಮೂಲ ಮಲಯಾಳದ ‘ಚಕ್ಕ’. ಕ್ರಿ.ಶ. 1328ರ ಸುಮಾರಿಗೆ ಜೋರ್ಡಾನಸ್ ಎಂಬ ಕ್ರೈಸ್ತ ಸನ್ಯಾಸಿ ಈ ಮರವನ್ನು ‘ಚಾಕಿ’ ಎಂದು ಕರೆದಿದ್ದಾನೆ. ಪೋರ್ಚುಗೀಸರ ಬಾಯಲ್ಲಿ ಆದಿಯ ಅಘೋಷ ಚಕಾರವು ಘೋಷವಾಗಿ ‘ಜಾಕ’ ಎಂಬ ರೂಪ ನೆಲೆಗೊಂಡಿತು. ಆದರೆ ಡಚ್ಚರ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥದ ಮೂರನೆಯ ಸಂಪುಟ (1682) ‘ಚಕ-ಮರಂ’ ಎಂದು ಮೂಲದ ಚಕಾರವನ್ನು ಉಳಿಸಿಕೊಂಡಿದೆ. ಇಂಗ್ಲಿಷರು ಪಡೆದುದು ಪೋರ್ಚುಗೀಸ್ ರೂಪವನ್ನೇ ಎಂಬುದಕ್ಕೆ ಆದಿಯ ಜಕಾರವೇ ಸಾಕ್ಷಿ.

ಇಂಗ್ಲಿಷಿನಲ್ಲಿ ‘ಜಾಕ್’ ಎಂಬುದು ‘ಜಾನ್’ ಹೆಸರಿನ ಸಲುಗೆಯ ರೂಪ. ‘ಜಾಕ್‌ಡಾ’, ‘ಜಾಕಾಸ್’ ಮೊದಲಾದ ಪ್ರಾಣಿಪಕ್ಷಿಗಳ ಹೆಸರುಗಳಲ್ಲಿಯೂ ಅದೇ ಪೂರ್ವಪದ. ಪರಭಾಷೆಯ ‘ಜಾಕ’ ಈ ಪರಿಚಿತ ಅಚ್ಚಿನಲ್ಲಿ ಸುಲಭವಾಗಿ ಕೂಡಿಕೊಂಡಿತು. ‘ಚಕ್ಕ’ ಎಂದರೇ ಹಲಸಿನ ಕಾಯಿ, ಹಣ್ಣು. ಮೇಲೆ ‘ಫ್ರೂಟ್’ ಸೇರಿದಾಗ ಅರ್ಥ ದ್ವಿರುಕ್ತವಾಯಿತು. ಮೂಲ ಮರೆತ ನಾಲಗೆಗೆ ಅದು ತಿಳಿಯುವುದಿಲ್ಲ. ವ್ಯಕ್ತಿನಾಮದ ಕಥೆಗೆ ಎಡೆ ದೊರೆತುದೂ ಈ ಮರೆವಿನಿಂದಲೇ.

ಕನ್ನಡ ಸಂಶೋಧಕರು ಇಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ಅಂಶವಿದೆ. 1563ರಲ್ಲಿ ಗೋವೆಯಲ್ಲಿ ಮುದ್ರಿತವಾದ ಗಾರ್ಸಿಯಾ ದ ಓರ್ತಾನ ಸಂವಾದಗ್ರಂಥವು, ಈ ಹಣ್ಣಿಗೆ ಮಲಬಾರಿನಲ್ಲಿ ‘ಜಾಕ’ ಎಂತಲೂ, ‘ಕನಾರಿಂ’ ಹಾಗೂ ಗುಜರಾತಿಯಲ್ಲಿ ‘ಪನಸ್’ ಎಂತಲೂ ಹೆಸರಿದೆ ಎನ್ನುತ್ತದೆ. ಕನ್ನಡದಲ್ಲಿಯೂ ‘ಪನಸ’ ಇರುವುದರಿಂದ ‘ಕನಾರಿಂ’ ಎಂದರೆ ಕನ್ನಡವೆಂದು ಭಾವಿಸುವುದು ಸಹಜ. ಆದರೆ ಗೋವೆಯ ಪೋರ್ಚುಗೀಸರು ಆ ಹೆಸರಿನಿಂದ ಕರೆಯುತ್ತಿದ್ದುದು ಅಲ್ಲಿನ ಕೊಂಕಣಿಯನ್ನು. 1640ರಲ್ಲಿ ಪ್ರಕಟವಾದ ಥಾಮಸ್ ಸ್ಟೀಫನ್ಸನ ‘ಕನಾರಿಂ’ ವ್ಯಾಕರಣವೂ ಕೊಂಕಣಿಯದೇ. ಕನ್ನಡದ ದೇಶ್ಯರೂಪ ‘ಪಲಸು’, ಪಕಾರವು ಹಕಾರವಾದ ಮೇಲೆ ‘ಹಲಸು’. ಓರ್ತಾನ ಪುಟದಲ್ಲಿ ಅದು ಬಂದಿಲ್ಲ.