ಮಂತ್ರಾಲಯಕ್ಕೆ ಹೆದ್ದಾರಿಯೋ, ಒಳದಾರಿಯೋ?

ಬಳ್ಳಾರಿ, ಆಲೂರು ಕಡೆಯಿಂದ ರಾಯರ ದರ್ಶನಕ್ಕೆ ಹೊರಟವರ ಗಾಡಿ ಆದೋನಿ ಮುಟ್ಟಿತೆಂದರೆ ಒಳಗೆ ಒಂದು ಚರ್ಚೆ ಶುರು. ಎಮ್ಮಿಗನೂರಿನ ಮೇಲೆ ಹೆದ್ದಾರಿ ಹಿಡಿಯುವುದೋ, ಕೋಸಿಗಿ ಮೇಲಿನ ಒಳದಾರಿಗೆ ಇಳಿಯುವುದೋ? ಎರಡೂ ಹೆಚ್ಚುಕಡಿಮೆ 50 ಕಿ.ಮೀ. ಹಾಗಾಗಿ ದೂರ ನೋಡಿ ತೀರ್ಮಾನಿಸುವಂತಿಲ್ಲ. ನೋಡಬೇಕಾದ್ದು ಹೊತ್ತು ಮತ್ತು ಮಳೆ.

ಹೆದ್ದಾರಿಯದು ನೇರ ಲೆಕ್ಕ. ಹಗರಿಯಿಂದ ಆಲೂರು, ಆದೋನಿ, ಎಮ್ಮಿಗನೂರು ದಾಟಿ ರಾಯಚೂರಿನತ್ತ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿ ಇದು. ಲಾರಿ ಹೆಚ್ಚು, ಆದರೆ ಪೆಟ್ರೋಲ್ ಬಂಕ್, ಪಂಕ್ಚರ್ ಅಂಗಡಿ, ಆಸ್ಪತ್ರೆಗೆ ಪರದಾಡಬೇಕಿಲ್ಲ.

ಒಳದಾರಿಯ ಸೊಗಸೇ ಬೇರೆ. ಆದೋನಿ ಕೋಟೆಯ ಬೆಟ್ಟ ಬೆನ್ನಿಗೆ ಬೀಳುತ್ತದೆ, ಎರಡೂ ಬದಿ ಹತ್ತಿ ಹೊಲ, ಕೋಸಿಗಿ ಹತ್ತಿರ ಬಂಡೆಗಳ ಗುಡ್ಡ. ನಡುವೆ ಸಿಗುವ ಪೆದ್ದತುಂಬಳಂನಲ್ಲಿ ಹಳೆಯ ದೇವಾಲಯಗಳಿವೆ, ಪಾರ್ಶ್ವನಾಥನ ಜೈನ ತೀರ್ಥವಿದೆ, ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ಸಿಕ್ಕಿವೆ. ಇದರಲ್ಲಿ ಅಚ್ಚರಿಯೇನಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಈ ಊರುಗಳಲ್ಲಿ ಕನ್ನಡದಲ್ಲಿ ದಾರಿ ಕೇಳಿದರೆ ಕನ್ನಡದಲ್ಲೇ ಉತ್ತರ ಹೇಳುವ ಹಿರಿಯರು ಸಿಗುತ್ತಾರೆ.

ಆದೋನಿಗೂ ಮಂತ್ರಾಲಯಕ್ಕೂ ಹಳೆಯ ನಂಟೂ ಉಂಟು. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಮಂಚಾಲೆ ಗ್ರಾಮವನ್ನು ರಾಯರಿಗೆ ಕೊಟ್ಟನೆಂದು ಭಕ್ತರು ಹೇಳುತ್ತಾರೆ. ಆ ಮಂಚಾಲೆಯೇ ಇಂದಿನ ಮಂತ್ರಾಲಯ. 1671ರಲ್ಲಿ ರಾಯರು ಬೃಂದಾವನ ಪ್ರವೇಶಿಸಿದ್ದು ಅಲ್ಲಿಯೇ. ಪುರುಸೊತ್ತಿದ್ದವರು ಕೌತಾಳಂ ಮಂಡಲದ ಉರುಕುಂದಕ್ಕೂ ಹೋಗಿ ಈರಣ್ಣ ಸ್ವಾಮಿಗೆ ಕೈ ಮುಗಿದು ಬರಬಹುದು.

ಆದರೆ ಇಲ್ಲಿನ ನೆಲದ ಗುಣ ತಿಳಿದಿರಬೇಕು. ಕನ್ನಡದಲ್ಲಿ ಎರೆ, ತೆಲುಗಿನಲ್ಲಿ ನಲ್ಲರೇಗಡಿ ಎನ್ನುವ ಈ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಂದಿಗೇ ಏರಿಳಿದು ಸೀಳುತ್ತದೆ, ಅಂಚು ಕುಸಿಯುತ್ತದೆ. ಹೆದ್ದಾರಿಗೆ ದಪ್ಪ ಬುನಾದಿ ಹಾಕುತ್ತಾರೆ. ಹಳ್ಳಿ ರಸ್ತೆಗೆ ಆ ಭಾಗ್ಯ ಕಡಿಮೆ. ಎದುರಿನ ಗಾಡಿಗೆ ದಾರಿ ಕೊಡಲು ಹಸಿ ಎರೆಗೆ ಚಕ್ರ ಇಳಿಸಿದರೆ ಎಳೆಯಲು ಟ್ರ್ಯಾಕ್ಟರ್ ಬರಬೇಕಾದೀತು.

ಇನ್ನು ಹಳ್ಳಗಳು. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಬಂದುಬಿಡುತ್ತದೆ. ಮೊಣಕಾಲುದ್ದದ ನೀರು ರಭಸವಾಗಿ ಹರಿಯುತ್ತಿದ್ದರೆ ಸಣ್ಣ ಕಾರನ್ನು ಪಕ್ಕಕ್ಕೆ ತಳ್ಳಬಲ್ಲದು. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದ್ದನ್ನು ಈ ಭಾಗದ ಜನ ಮರೆತಿಲ್ಲ. ನೀರು ರಸ್ತೆ ಮೇಲಿದ್ದರೆ ಕಾಯಬೇಕು, ಇಲ್ಲವೇ ಹಿಂದಿರುಗಬೇಕು.

ತೊಡಕೆಂದರೆ, ಜನ ಹೆಚ್ಚು ಹೊರಡುವುದೇ ಮಳೆಗಾಲದಲ್ಲಿ. ರಾಯರ ಆರಾಧನೆಯೂ ಉರುಕುಂದದ ಜಾತ್ರೆಯೂ ಶ್ರಾವಣದಲ್ಲೇ. ಆಗ ಪಾದಯಾತ್ರಿಗಳು ಕತ್ತಲಲ್ಲೂ ರಸ್ತೆ ಬದಿ ನಡೆಯುತ್ತಿರುತ್ತಾರೆ. ಸುಗ್ಗಿಯಲ್ಲಿ ಆದೋನಿ ಮಾರುಕಟ್ಟೆಗೆ ಹತ್ತಿ ಹೊತ್ತ ಟ್ರ್ಯಾಕ್ಟರ್‌ಗಳು, ಹಿಂದೆ ಕೆಂಪು ದೀಪವಿಲ್ಲದವೂ, ಬರುತ್ತವೆ. ಕೆಲವೆಡೆ ರಸ್ತೆಯ ಮೇಲೇ ಕಾಳು ಹರಡಿರುತ್ತಾರೆ. ಒಳದಾರಿಯಲ್ಲಿ ವೇಗ ಸಲ್ಲದು ಎನ್ನುವುದು ಇದಕ್ಕೇ.

ಹೀಗಾಗಿ ನಿಯಮ ಸರಳ. ಹಗಲು, ಒಣ ಹವೆ, ಕೈಯಲ್ಲಿ ಒಂದು ಗಂಟೆ ಹೆಚ್ಚಿಗೆ ಸಮಯ: ಈ ಮೂರೂ ಇದ್ದರೆ ಒಳದಾರಿ. ರಾತ್ರಿಯಾಗಿದ್ದರೆ, ಹಿಂದಿನ ದಿನ ಜೋರು ಮಳೆ ಬಿದ್ದಿದ್ದರೆ, ಗಾಡಿಯಲ್ಲಿ ರೋಗಿಯೋ ಬಸುರಿಯೋ ಇದ್ದರೆ ಹೆದ್ದಾರಿ. ಬೆಳಗ್ಗೆ ಕೋಸಿಗಿ ಮೇಲೆ ಹೋಗಿ ಸಂಜೆ ಎಮ್ಮಿಗನೂರಿನ ಮೇಲೆ ಮರಳಿದರೆ ಎರಡೂ ಆದಂತೆ.

ಅನುಮಾನವಿದ್ದರೆ ಫೋನಿನ ನಕ್ಷೆಯೊಂದನ್ನೇ ನಂಬುವುದು ಬೇಡ. ಆದೋನಿ ಬಸ್ ನಿಲ್ದಾಣದಲ್ಲಿ ಕೋಸಿಗಿ ಬಸ್ಸಿನ ಡ್ರೈವರನ್ನು ಕೇಳಿದರೆ ಸಾಕು, ಹಳ್ಳದಲ್ಲಿ ನೀರೆಷ್ಟಿದೆ ಎಂದು ಹೇಳಿಯಾರು. ಕನ್ನಡದಲ್ಲಿ ಕೇಳಿದರೂ ಆದೀತು, ತೆಲುಗಿನಲ್ಲಿ ಕೇಳಿದರೂ ಆದೀತು.